ಎಡಗಿವಿ

ರುಸ್ತಾವಿಯ ಉಕ್ಕಿನ ಕಾರ್ಖಾನೆಗೆ
ಹತ್ತೊಂಬತ್ತು ವರ್ಷ ದುಡಿದೆ.
ಮುಚ್ಚುವಾಗ ಅದು
ನಾಲ್ಕು ತಿಂಗಳ ಸಂಬಳ ಇಟ್ಟುಕೊಂಡಿತು,
ಜೊತೆಗೆ ನನ್ನ ಎಡಗಿವಿಯನ್ನೂ.
ಅದಕ್ಕೇ, ಬಾದ್ರಿ, ಬಲಗಡೆ ನಿಂತು ಮಾತಾಡು.
ಅಥವಾ ಮಾತೇ ಬೇಡ, ಗಾಡಿ ಸ್ಟಾರ್ಟ್ ಮಾಡು.

ಪೋತಿ ಬಂದರಿನಲ್ಲಿ ಹಡಗಿಳಿದಾಗ
ಸಾಧುವಾಗಿತ್ತಂತೆ ಈ ಜಪಾನಿ ಕಾರು.
ನೀನು ದೊಡ್ಡ ಟರ್ಬೊ ಕಟ್ಟಿದೆ,
ಫೋರ್ಜ್ಡ್ ಪಿಸ್ಟನ್ ಹಾಕಿಸಿದೆ,
ಅಜ್ಜಿಯ ದ್ರಾಕ್ಷಿತೋಟದ ಎರಡು ಸಾಲು ಮಾರಿ
ಸೈಲೆನ್ಸರ್ ತಂದೆ, ಹೆಸರಿಗೆ ಮಾತ್ರ ಸೈಲೆನ್ಸರ್.
ಈಗ ಟರ್ಬೊ ಉಸಿರು ತುಂಬಿದೊಡನೆ
ಕತ್ತಲಲ್ಲಿ ಮೆಟ್ಟಿಲು ತಪ್ಪಿದವನ ಹಾಗೆ
ಮುಗ್ಗರಿಸುತ್ತದೆ.

ಮಗಳು ಲಮಾರಾ ಸ್ಕ್ಯಾನರ್ ಚುಚ್ಚಿ ಓದುತ್ತಾಳೆ:
ಮೂರನೇ ಸಿಲಿಂಡರ್, ಮಿಸ್‌ಫೈರ್.
ನಾಕ್ ಸೆನ್ಸರ್, ದೋಷ.
ನೀನಾಗಲೇ ಫೋನು ತೆಗೆದು
ಹೊಸ ಸೆನ್ಸರಿನ ರೇಟು ಹುಡುಕುತ್ತಿದ್ದೀ.
ತಡಿ.
ದೂರು ಕೊಟ್ಟವನನ್ನೇ ಜೈಲಿಗೆ ಹಾಕುವ ಕಾಲ
ನಾನು ಒಂದು ಸಲ ನೋಡಿ ಆಗಿದೆ.

ಮೂರರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ.
ರೋಗ ಕಾಯಿಲಿನ ಹಿಂದೆ ಹೋಗಲಿಲ್ಲ.
ಇಂಜೆಕ್ಟರ್ ಅದಲುಬದಲು. ಆಗಲೂ ಕದಲಲಿಲ್ಲ.
ಕಂಪ್ರೆಷನ್ ನೋಡಿದರೆ ನಾಲ್ಕೂ ಅಣ್ಣತಮ್ಮಂದಿರು,
ಅಂದರೆ, ಇನ್ನೂ ಆಸ್ತಿ ಪಾಲಾಗದ ಅಣ್ಣತಮ್ಮಂದಿರು.

ಉದ್ದ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ,
ಹಿಡಿ ನನ್ನ ಹಲ್ಲಿಗೆ.
ನಗಬೇಡ. ಮೂಳೆಗೆ ಎಡ ಬಲ ಇಲ್ಲ.
ಟಕ ಟಕ ಟಕ.
ತಣ್ಣಗಿರುವ ಹೊಸ ಪಿಸ್ಟನ್ನು
ಗೋಡೆಗೆ ಭುಜ ತಾಗಿಸಿಕೊಂಡು ನಡೆಯುತ್ತಿದೆ,
ಬಿಸಿಯಾದರೆ ಸರಿಹೋಗುತ್ತದೆ.
ಸೆನ್ಸರ್ ಅಂದರೆ ಪಾಪ,
ಬೋಲ್ಟ್ ಹಾಕಿ ಬಿಗಿದ ಒಂದು ಕಿವಿ.
ಬೆಂಕಿ ಹೊತ್ತಿಗೆ ಮುಂಚೆ ಬಾಗಿಲು ಬಡಿದರೆ
ಕೂಗಿ ಹೇಳಬೇಕು, ಅಷ್ಟೇ ಅದರ ನೌಕರಿ.
ಯಾವ ಬಡಿತ ಯಾರದು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ನನಗೂ ರಾತ್ರಿ ಎರಡಕ್ಕೆ
ಸತ್ತ ಕಿವಿಯೊಳಗೆ ರೋಲಿಂಗ್ ಮಿಲ್ ಶುರುವಾಗುತ್ತದೆ.
ಕೆಂಪಗೆ ಕಾದ ಪಟ್ಟಿ ಬಂತೆಂದು
ಹಾಸಿಗೆಯಲ್ಲಿ ಕಾಲು ಮಡಚಿಕೊಳ್ಳುತ್ತೇನೆ.
ಆ ಮಿಲ್ಲಿನ ತಗಡೂ ಗುಜರಿಗೆ ಹೋಗಿ ಎಷ್ಟು ವರ್ಷ.

ಸರಿ, ರಸ್ತೆಗೆ ಹೋಗೋಣ. ಗಾರ್ದಬಾನಿ ಕಡೆ.
ನೀನು ಒತ್ತು, ನಾನು ದವಡೆ ಬಿಗಿಹಿಡಿಯುತ್ತೇನೆ.
ಒಂದು ಮೂರು ನಾಲ್ಕು ಎರಡು
ಒಂದು ಮೂರು ನಾಲ್ಕು ಎರಡು
ಒಂದು
      ನಾಲ್ಕು ಎರಡು
ಸಾಕು, ತಿರುಗಿಸು.

ಪ್ಲಗ್ ಬಿಚ್ಚಿ ಫೀಲರ್ ಗೇಜ್ ತೂರಿಸಿದೆ.
ಮೂರು ಪ್ಲಗ್ಗುಗಳ ತುಟಿ ಹತ್ತಿರ ತಂದಿದ್ದಾರೆ ಯಾರೋ,
ಅಳತೆ ಮಾಡಿ, ಜಾಣತನದಿಂದ.
ಮೂರನೇ ಸಿಲಿಂಡರಿನದ್ದು ಮಾತ್ರ
ಅಂಗಡಿಯಿಂದ ಬಂದ ಹಾಗೇ ಬಾಯಿ ಬಿಟ್ಟುಕೊಂಡಿದೆ.
ಸುಮ್ಮನೆ ಓಡುವಾಗ ಕಿಡಿ ಅಷ್ಟು ದೂರ ಜಿಗಿಯುತ್ತದೆ.
ಟರ್ಬೊ ಊದಿದರೆ
ಮೇಣದಬತ್ತಿಯಂತೆ ಆರಿಹೋಗುತ್ತದೆ.
ಯಾರಪ್ಪಾ ಹಾಕಿದ್ದು, ನಡುವೆ ಊಟಕ್ಕೆ ಎದ್ದವನು?
ಬಾದ್ರಿ ತನ್ನ ಬೂಟು ನೋಡಿಕೊಳ್ಳುತ್ತಾನೆ.
ಪ್ಲಗ್ಗನ್ನು ಬೆಂಚಿಗೆ ಮೆಲ್ಲಗೆ ಕುಟ್ಟಿದೆ.
ಕೂದಲೆಳೆಯಷ್ಟು. ಇನ್ನಷ್ಟು. ಸೊನ್ನೆ ಪಾಯಿಂಟ್ ಆರು.

ಸೆನ್ಸರ್ ಇರಲಿ, ಬದಲಾಯಿಸಬೇಡ.
ಲಮಾರಾ ಲ್ಯಾಪ್‌ಟಾಪಿನಲ್ಲಿ ಕೂತು
ತಣ್ಣಗಿನ ಟಕಟಕಕ್ಕೆ ಹೆದರಬೇಡವೆಂದು
ಅದಕ್ಕೆ ಬುದ್ಧಿ ಹೇಳುತ್ತಾಳೆ.
ಪೂರ್ತಿ ಕಿವುಡು ಮಾಡಬೇಡ ಮಗಳೇ, ಅಂದೆ.
ಗೊತ್ತು, ಅಂದಳು, ನನ್ನ ಬಲಕ್ಕೆ ಬಂದು.

ಸಂಜೆ ಬಾದ್ರಿ ಹೊರಟ.
ಕಾರ್ಖಾನೆಯ ಹಳೆ ಗೇಟು ದಾಟುವಾಗ
ಒಂದು ಮೂರು ನಾಲ್ಕು ಎರಡು
ಬಲಗಿವಿಗೆ ಸ್ಪಷ್ಟ ಕೇಳಿತು.
ಎಡಗಿವಿಗೂ ಕೇಳಿಸಿತು, ಗೇಟಿನ ಒಳಗಿನಿಂದ.
ಅದರ ಮಾತು ಬಿಡು.